ಹಡಗಿನ ಹಣ, ಅಂಗಡಿಯ ಹಣ

1948ನೆಯ ಇಸವಿಯ ಮಾರ್ಚ್ 14ರಂದು ವಿಶಾಖಪಟ್ಟಣದ ಹಡಗು ಕಾರ್ಖಾನೆಯಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರ ಹಸ್ತದಿಂದ ‘ಜಲ ಉಷಾ’ ಎಂಬ ನೌಕೆ ನೀರಿಗಿಳಿದಾಗ, ಸ್ವತಂತ್ರ ಭಾರತವು ತಾನೇ ಕಟ್ಟಿದ ದೊಡ್ಡ ಹಡಗೊಂದನ್ನು ಕಣ್ಣಾರೆ ಕಂಡಿತು. ಆ ಕಾರ್ಖಾನೆಗೆ ಬಾಬು ರಾಜೇಂದ್ರ ಪ್ರಸಾದರು ಅಡಿಗಲ್ಲಿಟ್ಟದ್ದು 1941ರ ಜೂನ್ 21ರಂದು. ನಡುವೆ ಕಳೆದ ಕಾಲ ಏಳು ವರ್ಷಕ್ಕೆ ಮೂರು ತಿಂಗಳು ಕಡಿಮೆ. ಆ ಅವಧಿಯಲ್ಲಿ ಮಹಾಯುದ್ಧ ನಡೆಯಿತು. 1942ರ ಏಪ್ರಿಲ್ 6ರಂದು ಜಪಾನಿನ ವಿಮಾನಗಳು ಅದೇ ಊರಿನ ಮೇಲೆ ಬಾಂಬು ಸುರಿಸಿ ಹೋದವು. ಕೆಲಸ ನಿಂತು ಮತ್ತೆ ಮೊದಲಾಯಿತು. ಇಷ್ಟೆಲ್ಲ ಆಗುತ್ತಿದ್ದರೂ ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ವಾಲ್‌ಚಂದ್ ಹೀರಾಚಂದರೂ ಅವರೊಡನೆ ಹಣ ತೊಡಗಿಸಿದವರೂ, ಮಾರಲು ಒಂದು ದೋಣಿಯೂ ಇಲ್ಲದ ಕಡಲಂಚಿನ ಆ ಜಾಗದಲ್ಲಿ ಹಣವನ್ನು ಸುರಿಯುತ್ತ, ಕಾಯುತ್ತ ಇದ್ದರು.

ಹಡಗು ನೀರಿಗಿಳಿದ ಮೇಲೂ ಕಾರ್ಖಾನೆಗೆ ತನ್ನ ಕಾಲಮೇಲೆ ತಾನು ನಿಲ್ಲಲಾಗಲಿಲ್ಲ. ಇಲ್ಲಿ ಕಟ್ಟಿದ ಹಡಗಿಗೆ ತಗಲುತ್ತಿದ್ದ ವೆಚ್ಚ ಬ್ರಿಟನ್ನಿನಲ್ಲಿ ಕಟ್ಟಿದ ಹಡಗಿನ ಬೆಲೆಗಿಂತ ಹೆಚ್ಚಾಗಿದ್ದುದರಿಂದ ಸರ್ಕಾರದ ನೆರವಿಲ್ಲದೆ ಅದು ನಡೆಯುವಂತಿರಲಿಲ್ಲ. 1952ರಲ್ಲಿ ಭಾರತ ಸರ್ಕಾರ ಮೂರರಲ್ಲಿ ಎರಡು ಪಾಲನ್ನು ಕೊಂಡು ಅದಕ್ಕೆ ಹಿಂದೂಸ್ತಾನ್ ಷಿಪ್‌ಯಾರ್ಡ್ ಎಂದು ಹೆಸರಿಟ್ಟಿತು. 1961ರಲ್ಲಿ ಉಳಿದುದನ್ನೂ ತನ್ನದಾಗಿಸಿಕೊಂಡಿತು. ಇದನ್ನು ಸೋಲೆಂದು ಕರೆಯಲು ನನಗೆ ಮನಸ್ಸಿಲ್ಲ. ಹಡಗು ಕಟ್ಟುವಂಥ ಕೆಲಸಕ್ಕೆ ಹತ್ತಾರು ವರ್ಷ ಕಾಯಬಲ್ಲ ಹಣವೇ ಬೇಕು. ಅಂಥ ಹಣ ಆ ಕಾಲದ ಭಾರತದಲ್ಲಿ ಸರ್ಕಾರದ ಬೊಕ್ಕಸದ ಹೊರಗೆ ಬಹಳ ವಿರಳವಾಗಿತ್ತು. ನಮ್ಮ ಬೆಂಗಳೂರಿನಲ್ಲಿಯೂ ಹೀಗೆಯೇ ಆಯಿತು. ಅದೇ ವಾಲ್‌ಚಂದರು ವಿಮಾನ ಕಟ್ಟುವ ಕನಸು ಹೊತ್ತು ಬಂದಾಗ, ಮಿರ್ಜಾ ಇಸ್ಮಾಯಿಲ್ಲರು ದಿವಾನರಾಗಿದ್ದ ಮೈಸೂರು ಸರ್ಕಾರ ಭೂಮಿಯನ್ನೂ 25 ಲಕ್ಷ ರೂಪಾಯಿ ಬಂಡವಾಳವನ್ನೂ ಕೊಟ್ಟುದರಿಂದ 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ಮರುವರ್ಷ ಭಾರತ ಸರ್ಕಾರವೂ ಪಾಲುದಾರನಾಯಿತು. 1942ರಲ್ಲಿ ಆಡಳಿತವೇ ಅದರ ಕೈಗೆ ಹೋಯಿತು. ಈ ದೇಶದಲ್ಲಿ ವಿಮಾನ ಕಟ್ಟಬಹುದು ಎಂಬ ಕಲ್ಪನೆಗೆ ರೂಪ ಕೊಟ್ಟವನು ಖಾಸಗಿ ಉದ್ಯಮಿ, ಅದನ್ನು ಹೊತ್ತು ದಡ ಸೇರಿಸಿದ್ದು ಕಾಯಬಲ್ಲ ಹಣ.

ಇನ್ನು ವಿಶಾಖಪಟ್ಟಣವಿರುವ ಆಂಧ್ರದ ಇನ್ನೊಂದು ಭಾಗಕ್ಕೆ, ಕೃಷ್ಣಾ ನದಿಯ ಬಯಲಿಗೆ ಬರೋಣ. ವಿಜಯವಾಡಕ್ಕೆ ಹತ್ತಿರದ ಮಚಲೀಪಟ್ಟಣದಲ್ಲಿ ವೈದ್ಯರಾಗಿದ್ದ ಭೋಗರಾಜು ಪಟ್ಟಾಭಿ ಸೀತಾರಾಮಯ್ಯನವರು 1923ರ ನವೆಂಬರಿನಲ್ಲಿ ಆಂಧ್ರ ಬ್ಯಾಂಕನ್ನು ತೆರೆದಾಗ ಅದರ ಸಂದಾಯಿತ ಬಂಡವಾಳ ಒಂದು ಲಕ್ಷ ರೂಪಾಯಿ. ಅದಕ್ಕೂ ಹಿಂದೆ, 1906ರಲ್ಲಿ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕೆಂದು ಪ್ರಸಿದ್ಧವಾದ ಸಂಸ್ಥೆಯನ್ನು ಕೇವಲ 5,000 ರೂಪಾಯಿ ಮೂಲಧನದಿಂದ ಆರಂಭಿಸಿದ್ದರು. ಅದೇ ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕಾದ ಸಂಸ್ಥೆ 1928ರಿಂದ ಪಿಗ್ಮಿ ಠೇವಣಿಯೆಂಬ ಹೆಸರಿನಲ್ಲಿ ಮನೆಮನೆಯ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಕೂಡಿಸಿತು. ಕೃಷ್ಣಾ ತೀರದ ಬ್ಯಾಂಕೂ ಪಶ್ಚಿಮ ಕಡಲ ತೀರದ ಕಾರ್ಪೊರೇಷನ್ ಬ್ಯಾಂಕೂ 2020ರ ಏಪ್ರಿಲ್ 1ರಂದು ಒಂದೇ ಯೂನಿಯನ್ ಬ್ಯಾಂಕಿನಲ್ಲಿ ಲೀನವಾದುವೆಂಬುದನ್ನು ನೆನೆದಾಗ ಉಭಯ ತೀರಗಳ ಬಗೆಗೂ ಅಭಿಮಾನವುಳ್ಳ ನನ್ನಂಥವನ ಮನಸ್ಸು ಒಂದು ಕ್ಷಣ ಭಾರವಾಗುತ್ತದೆ. ಹಡಗಿನ ಕಾರ್ಖಾನೆಗೆ ಬೇಕಾದುದು ಕಾಯುವ ಹಣವಾದರೆ ಇಲ್ಲಿ ಓಡಾಡಿದ್ದು ತಿರುಗುವ ಹಣ: ಬೆಳಿಗ್ಗೆ ಅಂಗಡಿಗೆ ಹೋಗಿ ಸಂಜೆಗೆ ಹಿಂದಿರುಗುವ, ಬಿತ್ತನೆಗೆ ಹೊರಟು ಸುಗ್ಗಿಗೆ ಮನೆ ಸೇರುವ ಹಣ.

ಇಷ್ಟು ಹಳೆಯ ಕಥೆಯನ್ನು ಎತ್ತಿಕೊಂಡದ್ದು ಏತಕ್ಕೆಂದರೆ, ಇಂದು ನವೋದ್ಯಮವನ್ನು ಆರಂಭಿಸಹೊರಡುವ ತರುಣ ತರುಣಿಯರಲ್ಲಿ ಅನೇಕರು ‘ಹಣ ಸಿಕ್ಕುವುದೇ?’ ಎಂದು ಕೇಳುತ್ತಾರೆಯೇ ಹೊರತು, ‘ನನ್ನ ಕೆಲಸಕ್ಕೆ ಎಂಥ ಹಣ ಹೊಂದುತ್ತದೆ?’ ಎಂದು ಕೇಳುವವರು ವಿರಳ. ಹಣವೆಲ್ಲ ಒಂದೇ ಬಗೆಯದೆಂಬ ಭ್ರಾಂತಿಯಿಂದಾಗಿ, ಉತ್ತಮವಾದ ಕೆಲಸ ಕೈಯಲ್ಲಿದ್ದವರೂ ತಮಗೆ ಸಲ್ಲದ ಬಾಗಿಲನ್ನು ವರ್ಷಗಟ್ಟಲೆ ತಟ್ಟಿ ಬಳಲುತ್ತಾರೆ. ನನಗೆ ತೋರುವ ಮಟ್ಟಿಗೆ, ಉದ್ಯಮಿಯೊಬ್ಬನು ತನ್ನ ಗೆಲುವಿನ ಸಂಭವವನ್ನು ಹೆಚ್ಚಿಸಿಕೊಳ್ಳತಕ್ಕ ಮೊದಲನೆಯ ಉಪಾಯವು ಈ ವಿವೇಕದಲ್ಲಿಯೇ ಇದೆ.

ವೆಂಚರ್ ಕ್ಯಾಪಿಟಲ್ ಎಂದು ಎಲ್ಲರ ನಾಲಿಗೆಯ ಮೇಲಿರುವ ಹಣವನ್ನೇ ಮೊದಲು ನೋಡೋಣ. ಅದನ್ನು ಕೊಡುವವರು ಸಾಮಾನ್ಯವಾಗಿ ತಮ್ಮ ಸ್ವಂತ ಹಣವನ್ನು ಕೊಡುವವರಲ್ಲ. ಇತರರಿಂದ ಹಣ ಕೂಡಿಸಿ, ಸುಮಾರು ಹತ್ತು ವರ್ಷದೊಳಗೆ ಅದನ್ನು ಬೆಳೆಸಿ ಹಿಂದಿರುಗಿಸುವುದಾಗಿ ಮಾತು ಕೊಟ್ಟವರು. 100 ಕೋಟಿ ರೂಪಾಯಿಯ ನಿಧಿಯೊಂದು 20 ಕಂಪನಿಗಳಿಗೆ ತಲಾ 5 ಕೋಟಿಯಂತೆ ಹಂಚಿತೆಂದೂ, ಅವಧಿ ಮುಗಿಯುವಾಗ 300 ಕೋಟಿ ಹಿಂದಿರುಗಿಸಬೇಕೆಂದೂ ಭಾವಿಸೋಣ. ಇಪ್ಪತ್ತರಲ್ಲಿ ಹನ್ನೆರಡು ಮುಳುಗಿಹೋಗಿ, ಆರು ಕಂಪನಿಗಳು ಕೊಟ್ಟಷ್ಟನ್ನು ಮಾತ್ರ ಹಿಂದಿರುಗಿಸಿದರೆ, ಬರುವುದು 30 ಕೋಟಿ. ಉಳಿದ 270 ಕೋಟಿಯನ್ನು ಬಾಕಿ ಎರಡು ಕಂಪನಿಗಳೇ ತರಬೇಕು, ಎಂದರೆ ಒಂದೊಂದೂ ಪಡೆದ ಹಣವನ್ನು 27 ಪಟ್ಟು ಮಾಡಬೇಕು. ಈ ಅಂಕಗಳು ನಾನು ಉದಾಹರಣೆಗೆಂದು ಇಟ್ಟುಕೊಂಡವು. ಆದರೆ ಲೆಕ್ಕದ ಸ್ವಭಾವ ಇದೇ. ಆದಕಾರಣ, ವರ್ಷಕ್ಕೆ ನೂರಕ್ಕೆ ಇಪ್ಪತ್ತರಂತೆ ನೆಮ್ಮದಿಯಿಂದ ಬೆಳೆಯುವ ಒಳ್ಳೆಯ ಉದ್ಯಮವನ್ನು ಹೂಡಿಕೆದಾರನು ನಿರಾಕರಿಸಿದರೆ, ಅದು ಉದ್ಯಮಿಯ ಯೋಗ್ಯತೆಯ ಮೇಲೆ ಬರೆದ ತೀರ್ಪಲ್ಲ. ಆತನ ಲೆಕ್ಕಕ್ಕೆ ಆ ಬೆಳವಣಿಗೆ ಹೊಂದದು, ಅಷ್ಟೆ. ಈ ಒಂದು ಮಾತು ತಿಳಿಯದೆ ಮನಸ್ಸು ಮುರಿದುಕೊಂಡ ಎಳೆಯರನ್ನು ಕಂಡು ನಾನು ಮರುಗಿದ್ದೇನೆ.

ಪಾಲಿನ ಲೆಕ್ಕವೂ ಇದರೊಡನೆಯೇ ತಿಳಿದಿರತಕ್ಕದ್ದು. ಇಬ್ಬರು ಗೆಳೆಯರು ಸಮಪಾಲಿನಲ್ಲಿ ಕಟ್ಟಿದ ಕಂಪನಿಯ ಬೆಲೆ, ಹಣ ಬರುವುದಕ್ಕೆ ಮೊದಲು, 2 ಕೋಟಿಯೆಂದು ಒಪ್ಪಂದವಾಗಿ ಒಬ್ಬರು 50 ಲಕ್ಷ ಹಾಕಿದರೆ, ಕಂಪನಿಯ ಬೆಲೆ ಎರಡೂವರೆ ಕೋಟಿಯಾಗಿ ಹೂಡಿದವರ ಪಾಲು ನೂರಕ್ಕೆ 20 ಆಗುತ್ತದೆ; ಗೆಳೆಯರಿಗೆ ತಲಾ 40 ಉಳಿಯುತ್ತದೆ. ಮುಂದಿನ ಸುತ್ತಿನಲ್ಲಿ ಇನ್ನೊಬ್ಬರು 20 ಕೊಂಡರೆ ತಲಾ 32. ನೌಕರರಿಗೆಂದು 10 ಎತ್ತಿಟ್ಟರೆ ತಲಾ 28.8. ಪಾಲು ಕರಗುವುದು ತಪ್ಪಲ್ಲ, ದೊಡ್ಡದರಲ್ಲಿ ಸಣ್ಣ ಪಾಲು ಸಣ್ಣದರಲ್ಲಿ ದೊಡ್ಡ ಪಾಲಿಗಿಂತ ಮೇಲಾಗಬಹುದು. ಆದರೆ ಮೊದಲ ಆತುರದಲ್ಲಿ ಪರಿಚಯದವರಿಗೆ ನೂರಕ್ಕೆ ನಲವತ್ತು ಬರೆದುಕೊಟ್ಟು ಬಂದವರ ಬಳಿ ಮುಂದಿನ ಹೂಡಿಕೆದಾರನು ಕೂರಲು ಹಿಂಜರಿಯುತ್ತಾನೆ, ಏಕೆಂದರೆ ಕೆಲಸ ಮಾಡತಕ್ಕವರ ಕೈಯಲ್ಲಿ ಕೆಲಸ ಮಾಡುವ ಆಸೆ ಉಳಿಯುವಷ್ಟು ಪಾಲಿಲ್ಲವೆಂದು ಅವನಿಗೆ ತೋರುತ್ತದೆ. ಸ್ಥಾಪಕರ ಪಾಲೂ ಒಮ್ಮೆಗೇ ದಕ್ಕದೆ, ಸಾಮಾನ್ಯವಾಗಿ ನಾಲ್ಕು ವರ್ಷಗಳಲ್ಲಿ ಹಂತಹಂತವಾಗಿ ದಕ್ಕುವಂತೆ ಪತ್ರ ಬರೆದುಕೊಳ್ಳುವ ಪದ್ಧತಿ ಇದೆ. ಗೆಳೆತನ ಬೆಚ್ಚಗಿರುವಾಗಲೇ ಇದನ್ನು ಬರೆದಿಡುವುದು ಗೆಳೆತನಕ್ಕೂ ಒಳ್ಳೆಯದು.

ಈಗ ಮತ್ತೆ ವಿಶಾಖಪಟ್ಟಣಕ್ಕೆ ಹೋಗೋಣ. ಆ ಊರು ಇಂದಿಗೂ ಕಾಯುವ ಹಣವನ್ನೇ ಬೇಡುವ ಊರು. ಅಲ್ಲಿನ ಉಕ್ಕಿನ ಕಾರ್ಖಾನೆಯ ಸಮೀಪದಲ್ಲಿ ಸುಮಾರು 270 ಎಕರೆಯ ಮೇಲೆ ಆಂಧ್ರಪ್ರದೇಶ ಮೆಡ್‌ಟೆಕ್ ವಲಯವೆಂಬ ವೈದ್ಯಕೀಯ ಉಪಕರಣಗಳ ನೆಲೆ ಇದೆ. 2016ರಲ್ಲಿ ಕೆಲಸ ಆರಂಭವಾಗಿ 2018ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು. ರೋಗಿಯ ಮೈಗೆ ತಾಗುವ ಒಂದು ಸಾಮಾನ್ಯ ಯಂತ್ರವನ್ನು ಮಾರುಕಟ್ಟೆಗೆ ತರಬೇಕಾದರೂ, ವಿದ್ಯುತ್ ಸುರಕ್ಷತೆಯ ಪರೀಕ್ಷೆ, ಪಕ್ಕದ ಯಂತ್ರದ ವಿದ್ಯುತ್ಕಾಂತ ಅಲೆಗಳಿಂದ ಕೆಡದೆ ನಡೆಯುವುದೆಂಬ ಪರೀಕ್ಷೆ, ದೇಹಕ್ಕೆ ಒಗ್ಗುವುದೆಂಬ ಪರೀಕ್ಷೆ, ಇವೆಲ್ಲವನ್ನೂ ದಾಟಿ, 2017ರ ವೈದ್ಯಕೀಯ ಉಪಕರಣಗಳ ನಿಯಮದಂತೆ ಅಪಾಯದ ಪ್ರಮಾಣವನ್ನನುಸರಿಸಿ ಎ, ಬಿ, ಸಿ, ಡಿ ಎಂದು ವಿಂಗಡಿಸಿದ ವರ್ಗಗಳಲ್ಲಿ ಯಾವುದಕ್ಕೆ ಸೇರುವುದೋ ಅದಕ್ಕೆ ತಕ್ಕ ಪರವಾನಗಿ ಪಡೆಯಬೇಕು. ಒಬ್ಬೊಬ್ಬ ಉದ್ಯಮಿಯೂ ಈ ಪರೀಕ್ಷೆಗಳ ಯಂತ್ರಸಾಮಗ್ರಿಯನ್ನು ಸ್ವಂತಕ್ಕೆ ಕೊಳ್ಳಹೊರಟರೆ ಬಂಡವಾಳವೆಲ್ಲ ಅದಕ್ಕೇ ಮುಗಿದೀತು. ಅವನ್ನು ಒಂದೇ ಆವರಣದಲ್ಲಿ ಎಲ್ಲರಿಗೂ ಬಾಡಿಗೆಗೆ ಸಿಕ್ಕುವಂತೆ ಇರಿಸಿರುವುದೇ ಆ ನೆಲೆಯ ತಿರುಳು. ಉದ್ಯಮಿಯ ಕೈಗೆ ನಗದಾಗಿ ಬಾರದ, ಆದರೆ ನಗದಿಗಿಂತ ಹೆಚ್ಚು ಪ್ರಯೋಜನಕಾರಿಯಾದ ಬಂಡವಾಳವೊಂದುಂಟು. ಅವನು ಮಾಡಬೇಕಾಗಿದ್ದ ವೆಚ್ಚವೊಂದು ತಪ್ಪಿದರೆ ಅದೂ ಹೂಡಿಕೆಯೇ ಸರಿ.

ಇಂಥ ಕೆಲಸದ ಮೊದಲ ವರ್ಷಗಳಿಗೆ ಹೊಂದುವುದು ಸಹಾಯಧನ. 2016ರ ಜನವರಿ 16ರಂದು ಆರಂಭವಾದ ಸ್ಟಾರ್ಟಪ್ ಇಂಡಿಯಾ ಕಾರ್ಯಕ್ರಮದ ಅಡಿಯಲ್ಲಿ 2021ರ ಏಪ್ರಿಲ್‌ನಿಂದ ಜಾರಿಗೆ ಬಂದ ಬೀಜಧನ ಯೋಜನೆಗೆ 945 ಕೋಟಿ ರೂಪಾಯಿ ನಿಗದಿಯಾಯಿತು. ಅದರ ನಿಯಮದಂತೆ, ಕಲ್ಪನೆಯು ಕಾರ್ಯಸಾಧ್ಯವೆಂದು ತೋರಿಸುವುದಕ್ಕೂ ಮೊದಲ ಮಾದರಿಯನ್ನು ಮಾಡುವುದಕ್ಕೂ 20 ಲಕ್ಷದವರೆಗೆ ಹಿಂದಿರುಗಿಸಬೇಕಿಲ್ಲದ ಸಹಾಯಧನ. ಮಾರುಕಟ್ಟೆಗೆ ತರುವ ಹಂತದಲ್ಲಿ 50 ಲಕ್ಷದವರೆಗೆ ಸಾಲ ಅಥವಾ ಮುಂದೆ ಷೇರಾಗಿ ಮಾರ್ಪಡುವ ಸಾಲಪತ್ರದ ರೂಪದಲ್ಲಿ ಹಣ. ಸರ್ಕಾರ ಇದನ್ನು ನೇರವಾಗಿ ಕೊಡದೆ, ತಾನು ಆರಿಸಿದ ಪೋಷಣ ಕೇಂದ್ರಗಳ ಮೂಲಕ, ಕೆಲಸ ಒಂದೊಂದು ಮೈಲಿಗಲ್ಲನ್ನು ಮುಟ್ಟಿದಂತೆಲ್ಲ ಕಂತುಕಂತಾಗಿ ಕೊಡಿಸುವ ಏರ್ಪಾಡು ಮಾಡಿತು. ಇಲ್ಲಿ ಅನೇಕರು ಎಡವುವ ಕಲ್ಲೊಂದಿದೆ: ‘ಒಂದು ವರ್ಷದಲ್ಲಿ ಉಪಕರಣ ಸಿದ್ಧವಾಗುವುದು’ ಎಂದು ಅರ್ಜಿಯಲ್ಲಿ ಬರೆಯುತ್ತಾರೆ. ಪರೀಕ್ಷಿಸುವವರಿಗೆ ಇದರಿಂದ ಏನೂ ತಿಳಿಯದು. ಮೂರನೆಯ ತಿಂಗಳಿನಲ್ಲಿ ಯಾವ ಪರೀಕ್ಷೆ, ಅದಕ್ಕೆ ಎಷ್ಟು ವೆಚ್ಚ, ಅದು ವಿಫಲವಾದರೆ ಮುಂದೇನು, ಎಂಬುದನ್ನು ಬರೆದ ಅರ್ಜಿಯು ಬರೆದವನು ಆ ದಾರಿಯನ್ನು ಮನಸ್ಸಿನಲ್ಲಿ ಒಮ್ಮೆ ನಡೆದು ನೋಡಿದ್ದಾನೆಂಬುದಕ್ಕೆ ತಾನೇ ಸಾಕ್ಷಿಯಾಗುತ್ತದೆ.

ವಿಜಯವಾಡದ ರೀತಿ ಬೇರೆ. ಚೆನ್ನೈಯಿಂದ ಹೌರಾಕ್ಕೂ ದೆಹಲಿಗೂ ಹೋಗುವ ರೈಲುದಾರಿಗಳು ಅಗಲುವ ಜಂಕ್ಷನ್ ಅದು. ಹೆದ್ದಾರಿಗಳು ಕೂಡುವ ಊರು. ಲಾರಿಗಳು ನಿಲ್ಲುವ, ದುರಸ್ತಿಯಾಗುವ, ಹೊಸದಾಗಿ ಮೈ ಪಡೆಯುವ ಊರು. ಅಲ್ಲಿನ ಆಟೋನಗರದಲ್ಲಿ ನಡೆದು ನೋಡಿದರೆ, ಷಾಸಿಯ ಮೇಲೆ ಬಾಡಿ ಕಟ್ಟುವವರು, ವೆಲ್ಡಿಂಗ್ ಮಾಡುವವರು, ಮರಗೆಲಸದವರು, ಬಣ್ಣ ಹಾಕುವವರು, ಹಳೆಯ ಟೈರಿಗೆ ಹೊಸ ಪದರ ಕೂರಿಸುವವರು, ಹೀಗೆ ಒಬ್ಬರ ಕೆಲಸ ಇನ್ನೊಬ್ಬರ ಕೆಲಸಕ್ಕೆ ಹೆಗಲು ಕೊಟ್ಟು ಬೆಳೆದ ಒಂದು ಪ್ರಪಂಚವೇ ಕಾಣುತ್ತದೆ. ಇವರ ಉದರಿ ಲೆಕ್ಕ ಇಡುವ ತಂತ್ರಾಂಶವನ್ನೋ, ಬಿಡಿಭಾಗ ಎಲ್ಲಿ ಸಿಕ್ಕುವುದೆಂದು ತಿಳಿಸುವ ವ್ಯವಸ್ಥೆಯನ್ನೋ ಕಟ್ಟಹೊರಟ ತರುಣನಿಗೆ ಕೋಟಿಗಟ್ಟಲೆ ಹೂಡಿಕೆಗಿಂತ ಮೊದಲು ಬೇಕಾದುದು ತಿಂಗಳಿಗೆ ಇಷ್ಟೆಂದು ಕೊಡಲು ಒಪ್ಪುವ ಹತ್ತು ಮಂದಿ ಮೇಸ್ತ್ರಿಗಳು. ಗಿರಾಕಿ ಕೊಟ್ಟ ಹಣಕ್ಕೆ ಬಡ್ಡಿಯಿಲ್ಲ, ಅದು ಪಾಲನ್ನು ಕೇಳದು. ಅದರೊಡನೆ, ನೀನು ಮಾಡಿದ ವಸ್ತು ಬೇಕಾದದ್ದು ಎಂಬ ಪ್ರಮಾಣಪತ್ರವೂ ಬರುತ್ತದೆ.

ಈ ಮಾತಿಗೆ ದೃಷ್ಟಾಂತ ನಮ್ಮ ಮನೆಯ ಅಂಗಳದಲ್ಲಿಯೇ ಇದೆ. 1981ರಲ್ಲಿ ಪುಣೆಯಲ್ಲಿ 10,000 ರೂಪಾಯಿ ಮೂಲಧನದಿಂದ ಆರಂಭವಾದ ಇನ್ಫೋಸಿಸ್ಸಿಗೆ ಮೊದಲೆರಡು ವರ್ಷ ಸ್ವಂತದ್ದೊಂದು ಕಂಪ್ಯೂಟರೇ ಇರಲಿಲ್ಲ. ನ್ಯೂಯಾರ್ಕಿನ ಡೇಟಾ ಬೇಸಿಕ್ಸ್ ಎಂಬ ಗಿರಾಕಿಯ ಕೆಲಸವೇ ಅದರ ಜೀವಾಧಾರವಾಗಿತ್ತು. 1983ರಲ್ಲಿ ಅದು ಬೆಂಗಳೂರಿಗೆ ಬಂದದ್ದೂ ಗಿರಾಕಿಯ ಹಿಂದೆಯೇ: ನಮ್ಮ ಊರಿನ ಮೈಕೋ ಕಾರ್ಖಾನೆಯ ಕೆಲಸ ಅದನ್ನು ಇಲ್ಲಿಗೆ ಸೆಳೆಯಿತು. ಹತ್ತು ವರ್ಷದ ಮೇಲೆ, 1993ರಲ್ಲಿ, 95 ರೂಪಾಯಿಗೊಂದರಂತೆ ಷೇರನ್ನು ಸಾರ್ವಜನಿಕರ ಮುಂದಿಟ್ಟಾಗ ಅದನ್ನು ಪೂರ್ತಿ ಕೊಳ್ಳುವವರಿರಲಿಲ್ಲ. ಮಾರ್ಗನ್ ಸ್ಟಾನ್ಲಿಯವರು ನೂರಕ್ಕೆ 13ರಷ್ಟು ಪಾಲನ್ನು ತೆಗೆದುಕೊಂಡುದರಿಂದ ಆ ಷೇರು ಮಾರಾಟ ದಡ ಹತ್ತಿತು. ಅಷ್ಟು ಹೊತ್ತಿಗೆ ಕಂಪನಿಯ ಬೆನ್ನಿಗೆ ಹನ್ನೆರಡು ವರ್ಷದ ಗಿರಾಕಿಗಳಿದ್ದರು. ಷೇರುಪೇಟೆಯ ಉದಾಸೀನ ಅದರ ಉಸಿರನ್ನು ನಿಲ್ಲಿಸಲಾರದಾಗಿತ್ತು.

ವಿಜಯವಾಡದಂಥ ಊರಿನ ಉದ್ಯಮವನ್ನು ನಿಜವಾಗಿ ಕೊಲ್ಲುವುದು ಬಾಕಿ. ಮಾಲು ಹೋಗಿರುತ್ತದೆ, ಬಿಲ್ಲು ಹೋಗಿರುತ್ತದೆ, ಲಾಭವೂ ಪುಸ್ತಕದಲ್ಲಿರುತ್ತದೆ, ಸಂಬಳದ ದಿನ ಕೈಯಲ್ಲಿ ಕಾಸಿರುವುದಿಲ್ಲ. ಸಣ್ಣ ಉದ್ಯಮಗಳ ಬಗೆಗಿನ 2006ರ ಕಾಯಿದೆಯು ಅವುಗಳಿಗೆ ಸಲ್ಲಬೇಕಾದ ಹಣವನ್ನು ಹೆಚ್ಚೆಂದರೆ 45 ದಿನಗಳೊಳಗೆ ಕೊಡತಕ್ಕದ್ದೆಂದೂ, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರತಕ್ಕದ್ದೆಂದೂ ವಿಧಿಸಿದೆ. ದೊಡ್ಡ ಗಿರಾಕಿಯನ್ನು ಕಳೆದುಕೊಳ್ಳುವ ಭಯದಿಂದ ಈ ಹಕ್ಕನ್ನು ಕೇಳುವವರು ಕಡಿಮೆ. ಆದರೂ ಮೊದಲ ಒಪ್ಪಂದದಲ್ಲಿಯೇ ವಾಯಿದೆಯನ್ನು ಬರೆಸಿಕೊಳ್ಳುವುದಕ್ಕೆ ಧೈರ್ಯವೇನೂ ಬೇಕಿಲ್ಲ. ಈಡು ಇಲ್ಲದವರಿಗೂ ಬ್ಯಾಂಕು ಸಾಲ ಕೊಡುವಂತೆ 2000ದಲ್ಲಿ ಭಾರತ ಸರ್ಕಾರವೂ ಸಣ್ಣ ಉದ್ಯಮಗಳ ಅಭಿವೃದ್ಧಿ ಬ್ಯಾಂಕಾದ ಸಿಡ್ಬಿಯೂ ಕೂಡಿ ಸ್ಥಾಪಿಸಿದ ಸಾಲ ಖಾತರಿ ನಿಧಿಯ ವಿಷಯವನ್ನು ಬ್ಯಾಂಕಿನ ಮೇಜಿನೆದುರು ಎತ್ತಲು ಉದ್ಯಮಿಗೆ ಗೊತ್ತಿರಬೇಕು. ಆ ಮೇಜಿನಾಚೆ ಕುಳಿತವರು ತಾವಾಗಿ ಹೇಳದೆ ಇರಬಹುದು. ನಾನೇ ಒಮ್ಮೆ ಒಬ್ಬ ಬಂಧುವಿನ ಜೊತೆಗೆ ಹೋಗಿ, ಮನೆಪತ್ರ ತಂದರೆ ಮಾತಾಡೋಣ ಎಂಬ ಉತ್ತರ ಕೇಳಿ ಬರಿಗೈಯಲ್ಲಿ ಹಿಂದಿರುಗಿದ್ದೇನೆ; ಖಾತರಿಯ ಏರ್ಪಾಡು ಇದೆಯೆಂದು ನಮಗಿಬ್ಬರಿಗೂ ತಿಳಿದದ್ದು ಬಹುಕಾಲದ ಮೇಲೆ.

ಹಣ ಯಾವ ಬಗೆಯದಾದರೂ ಅದನ್ನು ಕೊಡುವವನು ನೋಡುವ ಮೊದಲ ಪುಟ ತಿಂಗಳ ಲೆಕ್ಕ. ಬ್ಯಾಂಕಿನಲ್ಲಿ 36 ಲಕ್ಷವಿದ್ದು ತಿಂಗಳ ವೆಚ್ಚ 3 ಲಕ್ಷ, ಆದಾಯ 1 ಲಕ್ಷವಾದರೆ ಕಂಪನಿಗೆ ಉಳಿದ ಆಯುಸ್ಸು 18 ತಿಂಗಳು. ಹೊಸ ಹಣವನ್ನು ಹುಡುಕಿ, ಮಾತಾಡಿ, ಪತ್ರವಾಗಿ, ಖಾತೆಗೆ ಬರುವುದಕ್ಕೆ ಆರು ತಿಂಗಳು ಬೇಕಾದೀತೆಂದು ಹಿಡಿದರೆ ನಿಜವಾದ ಆಯುಸ್ಸು ಹನ್ನೆರಡೇ. ಹದಿನಾರನೆಯ ತಿಂಗಳಿನಲ್ಲಿ ಹೊರಟವನು ಸಿಕ್ಕಿದ ಷರತ್ತಿಗೆ ಸಹಿ ಹಾಕಬೇಕಾಗುತ್ತದೆ. ಹತ್ತನೆಯ ತಿಂಗಳಿನಲ್ಲಿ ಹೊರಟವನಿಗೆ ‘ಬೇಡ’ ಎನ್ನುವ ಸ್ವಾತಂತ್ರ್ಯವಿರುತ್ತದೆ. ಏಂಜೆಲ್ ತೆರಿಗೆ ಎಂದು ಕುಖ್ಯಾತವಾಗಿದ್ದ, 2012ರಲ್ಲಿ ಬಂದು ಷೇರಿನ ಬೆಲೆಯಲ್ಲಿ ನ್ಯಾಯವಾದ ಮಾರುಕಟ್ಟೆ ಬೆಲೆಯನ್ನು ಮೀರಿದ ಭಾಗವನ್ನು ಆದಾಯವೆಂದು ಎಣಿಸುತ್ತಿದ್ದ ಉಪಬಂಧವನ್ನು 2024ರ ಆಯವ್ಯಯದಲ್ಲಿ ತೆಗೆದುಹಾಕಿದ್ದರಿಂದ ಈ ಮಾತುಕತೆಯ ಒಂದು ದೊಡ್ಡ ಮುಳ್ಳು ಹೋಯಿತು.

ಆಂಧ್ರದಲ್ಲಿ ಏರ್ಪಾಡುಗಳಿಗೆ ಕೊರತೆಯಿಲ್ಲ. ವಿಶಾಖಪಟ್ಟಣದಲ್ಲಿ 2014ರ ಸುಮಾರಿಗೆ ಸ್ಟಾರ್ಟಪ್ ವಿಲೇಜ್ ಬಂತು, ಆಮೇಲೆ ಫಿನ್‌ಟೆಕ್ ವ್ಯಾಲಿ ಬಂತು. 2025ರ ಆಗಸ್ಟ್ 20ರಂದು ವಿಜಯವಾಡದ ಬಳಿಯ ಮಂಗಳಗಿರಿಯಲ್ಲಿ ಮುಖ್ಯಮಂತ್ರಿ ಚಂದ್ರಬಾಬು ನಾಯುಡು ಅವರು ರತನ್ ಟಾಟಾ ನಾವೀನ್ಯ ಕೇಂದ್ರವನ್ನು ತೆರೆದರು. ವಿಶಾಖಪಟ್ಟಣ, ವಿಜಯವಾಡ ಮುಂತಾದ ಊರುಗಳಿಗೆ ಅದರ ಶಾಖೆಗಳ ಏರ್ಪಾಡೂ ಇದೆ. ನಮ್ಮ ಕರ್ನಾಟಕದ ಎಲಿವೇಟ್ ಯೋಜನೆ 2017ರಿಂದಲೇ 50 ಲಕ್ಷದವರೆಗೆ ಸಹಾಯಧನ ಕೊಡುತ್ತ ಬಂದಿದೆ. ಹುಬ್ಬಳ್ಳಿ, ಮಂಗಳೂರು, ಕಲಬುರಗಿಗಳ ತರುಣರಿಗೂ ವಿಶಾಖದ ತರುಣರಿಗೂ ಇರುವ ಕಷ್ಟ ಒಂದೇ ಬಗೆಯದು: ಹೂಡಿಕೆದಾರನೂ ಅನುಭವಿಯೂ ಬೇರೆ ಊರಿನಲ್ಲಿರುತ್ತಾರೆ. ಈ ದೂರವನ್ನು ಕಟ್ಟಡ ಕಡಿಮೆ ಮಾಡಲಾರದು. ಒಮ್ಮೆ ಉದ್ಯಮ ಕಟ್ಟಿ ಬಿದ್ದೆದ್ದವರು ಆ ಕಟ್ಟಡದಲ್ಲಿ ವಾರಕ್ಕೊಮ್ಮೆಯಾದರೂ ಕೂರಬೇಕು.

ಅವರು ಅಲ್ಲಿ ಕುಳಿತಾಗ, ಬಂದ ವಿದ್ಯಾರ್ಥಿಗೆ ಮೊದಲು ಹೇಳಬೇಕಾದ ಸಣ್ಣ ವಿಷಯವೊಂದುಂಟು. 2021ರಲ್ಲಿ ಜಾರಿಗೆ ಬಂದ ಬೀಜಧನ ಯೋಜನೆಯ ನಿಯಮದಲ್ಲಿ, ಅರ್ಜಿ ಹಾಕುವ ದಿನಕ್ಕೆ ಕಂಪನಿ ನೋಂದಣಿಯಾಗಿ ಎರಡು ವರ್ಷ ಮೀರಿರಕೂಡದೆಂಬ ಷರತ್ತಿತ್ತು. ಕಾಲೇಜಿನ ಮೂರನೆಯ ವರ್ಷದಲ್ಲಿ, ಒಂದು ಸ್ಪರ್ಧೆಯಲ್ಲಿ ಬಹುಮಾನ ಬಂದ ಉತ್ಸಾಹಕ್ಕೆ ಕಂಪನಿ ನೋಂದಾಯಿಸಿ, ಪರೀಕ್ಷೆ ಮುಗಿಸಿ, ಒಂದು ವರ್ಷ ನೌಕರಿ ಮಾಡಿ, ಆಮೇಲೆ ನಿಜವಾದ ಕೆಲಸಕ್ಕೆ ಕೈಹಾಕುವ ಹೊತ್ತಿಗೆ ಆ ಎರಡು ವರ್ಷ ಕಳೆದುಹೋಗಿರುತ್ತದೆ.